ಮೇವಿನ ಯಂತ್ರಕ್ಕೂ ಇರಲಿ ಒಂದು ತಳ್ಳುಗಾಡಿ

ಹಾಲು ಉತ್ಪಾದಕ ಸಹೋದರಿಯರೇ,

ಜೋಳದ ದಂಟನ್ನು ಕತ್ತರಿಸಿ ಹಾಕಿದರೆ ಹಸು ಬಿಡದೆ ತಿನ್ನುತ್ತದೆ, ಮೇವು ಹಾಳಾಗುವುದಿಲ್ಲ. ಆದರೆ ಮಳೆ ಬಂತೆಂದು ಮೇವು ಕತ್ತರಿಸುವ ಯಂತ್ರವನ್ನು ಹೆಂಗಸರು ಕೊಟ್ಟಿಗೆಯೊಳಗೆ ಎಳೆದಿಡುವುದನ್ನು ಚಿಕಿತ್ಸೆಗೆ ಹೋದಾಗ ಕಂಡಿದ್ದೇನೆ. ಮೋಟಾರ್ ಸೇರಿದರೆ ಅದು ಎಷ್ಟೋ ಸಲ 50 ಕೆ.ಜಿ. ಪಶು ಆಹಾರದ ಚೀಲಕ್ಕಿಂತಲೂ ಭಾರ. ಸೊಂಟ ಹಿಡಿದರೆ ಹಾಲು ಕರೆಯುವವರು ಯಾರು?

ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಇದಕ್ಕೊಂದು ಗಾಡಿ ಮಾಡಿಸಬಹುದು. ಯಂತ್ರದ ಕಾಲುಗಳ ಅಳತೆ ಕೊಟ್ಟು ಕಬ್ಬಿಣದ ಆಂಗಲ್‌ನ ಚೌಕಟ್ಟು ಮಾಡಿಸಿ, ಯಂತ್ರವನ್ನು ಅದಕ್ಕೆ ನಟ್-ಬೋಲ್ಟ್ ಹಾಕಿ ಬಿಗಿಸಿ. ಒಂದು ತುದಿಗೆ ಎರಡು ದೊಡ್ಡ ಚಕ್ರ, ಇನ್ನೊಂದು ತುದಿಗೆ ನೆಲಕ್ಕೂರುವ ಎರಡು ಕಾಲು ಮತ್ತು ಉದ್ದನೆಯ ಹಿಡಿಕೆ ಇರಲಿ. ಸಣ್ಣ ಚಕ್ರ ಬೇಡ, ಕೆಸರಿನಲ್ಲಿ ಹೂತುಕೊಳ್ಳುತ್ತದೆ.

ಯಂತ್ರದ ಭಾರದ ಬದಿ ಚಕ್ರದ ಕಡೆಗಿರಲಿ. ಭಾರ ಚಕ್ರಕ್ಕೆ ಹತ್ತಿರವಾದಷ್ಟೂ ಹಿಡಿಕೆ ಎತ್ತುವ ಕೈಗೆ ಹಗುರ. ಚೌಕಟ್ಟು ನೆಲಕ್ಕೆ ಹತ್ತಿರವಿದ್ದು, ಚಕ್ರಗಳ ನಡುವೆ ಅಗಲವಿದ್ದರೆ ಗಾಡಿ ಸುಲಭಕ್ಕೆ ಮಗುಚುವುದಿಲ್ಲ.

ಗಾಡಿ ಕದಲಿಸುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಬ್ಲೇಡಿನ ಚಕ್ರ ಪೂರ್ತಿ ನಿಂತ ಮೇಲೆ ಅದನ್ನು ಹಗ್ಗದಿಂದ ಕಟ್ಟಿ. ಇಳಿಜಾರಿದ್ದರೆ ಒಬ್ಬರೇ ತಳ್ಳಬೇಡಿ.

ಮೇವು ಕತ್ತರಿಸುವಾಗ ಗಾಡಿ ಒಣಗಿದ ಸಮನೆಲದಲ್ಲಿರಲಿ. ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಗಾಡಿ ಅಲುಗಿದರೆ ಮೇವು ಒತ್ತುವ ಕೈ ಜಾರಿ ಬ್ಲೇಡಿಗೆ ಸಿಕ್ಕೀತು. ಕಟ್ಟಿದ ಹಗ್ಗ ಬಿಚ್ಚಿ, ಸೆರಗು ಸಿಕ್ಕಿಸಿಕೊಂಡು, ಆಮೇಲೆ ಪ್ಲಗ್ ಹಾಕಿ. ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಿ.

ಹಸುವಿನ ಆರೋಗ್ಯದಷ್ಟೇ ನಿಮ್ಮ ಸೊಂಟ, ಬೆರಳುಗಳೂ ಮುಖ್ಯ.

– ಪಶು ವೈದ್ಯಾಧಿಕಾರಿ