ಗಣಕಯಂತ್ರದ ಮೇಟ್ರನ್



ಡೆಟ್ರಾಯಿಟ್ ಎಂದೊಡನೆ ನಮಗೆ ನೆನಪಾಗುವುದು ಮೋಟಾರು ಕಾರು. ಗಣಕಯಂತ್ರದ ಚರಿತ್ರೆಯಲ್ಲಿಯೂ ಅಲ್ಲಿನ ಜನರಲ್ ಮೋಟಾರ್ಸ್ ಸಂಸ್ಥೆಗೆ ಗೌರವದ ಸ್ಥಾನವುಂಟು. 1956ರಲ್ಲಿ ಅದರ ಸಂಶೋಧನಾ ವಿಭಾಗದ ರಾಬರ್ಟ್ ಪ್ಯಾಟ್ರಿಕ್ ಅವರೂ ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಯ ಓವೆನ್ ಮಾಕ್ ಅವರೂ ಐಬಿಎಂ 704 ಯಂತ್ರಕ್ಕಾಗಿ ರೂಪಿಸಿದ ವ್ಯವಸ್ಥೆಯನ್ನು ಮೊತ್ತಮೊದಲ ಆಪರೇಟಿಂಗ್ ಸಿಸ್ಟಂಗಳಲ್ಲಿ ಒಂದೆಂದು ಗಣಿಸಲಾಗಿದೆ.

ಅದರ ಅಗತ್ಯವೇನಿತ್ತು? ಆಗ ಎಂಜಿನಿಯರೊಬ್ಬನು ತೂತು ಕೊರೆದ ಕಾರ್ಡುಗಳ ಕಟ್ಟನ್ನು ತಂದು, ಯಂತ್ರವನ್ನು ಅಣಿಗೊಳಿಸಿ, ಲೆಕ್ಕ ಮುಗಿಸಿ ತೆರಳಿದ ಬಳಿಕ ಮತ್ತೊಬ್ಬನ ಸರದಿ. ಈ ನಡುವೆ ದುಬಾರಿ ಯಂತ್ರವು ಸುಮ್ಮನೆ ಕಾಯುತ್ತಿತ್ತು. ಹೊಸ ವ್ಯವಸ್ಥೆಯು ಒಂದು ಕೆಲಸ ಮುಗಿದೊಡನೆ ಮುಂದಿನದನ್ನು ತಾನೇ ಆರಂಭಿಸಿತು.

ವೈದ್ಯನಾದ ನನಗೆ ಇದನ್ನು ಕಂಡಾಗ ನಮ್ಮೂರ ಆಸ್ಪತ್ರೆಗಳ ಮೇಟ್ರನ್ ನೆನಪಾಗುತ್ತಾರೆ. ಅವರು ಶಸ್ತ್ರಚಿಕಿತ್ಸೆ ಮಾಡುವವರಲ್ಲ, ಔಷಧ ಬರೆದುಕೊಡುವವರೂ ಅಲ್ಲ. ಆದರೆ ಯಾವ ರೋಗಿಗೆ ಯಾವ ಹಾಸಿಗೆ, ಔಷಧದ ಬೀರುವಿನ ಬೀಗದ ಕೈ ಯಾರಲ್ಲಿ ಎಂಬುದೆಲ್ಲ ಅವರ ಹೊಣೆ. ಪತ್ರ ಬರೆಯುವ, ಹಾಡು ಕೇಳಿಸುವ ತಂತ್ರಾಂಶಗಳು ವೈದ್ಯರಿದ್ದಂತೆ. ಅವುಗಳಿಗೆ ಮೆಮೊರಿಯಲ್ಲಿ ಜಾಗ ಹಂಚುವುದು, ಪ್ರೊಸೆಸರನ್ನು ಸರದಿಯಂತೆ ಒದಗಿಸುವುದು, ಕಡತಗಳನ್ನು ಜೋಪಾನ ಮಾಡುವುದು, ಒಂದರ ರೋಗ ಮತ್ತೊಂದಕ್ಕೆ ತಗಲದಂತೆ ಕಾಯುವುದು ಆಪರೇಟಿಂಗ್ ಸಿಸ್ಟಮಿನ ಕೆಲಸ. ವಿಂಡೋಸ್, ಲಿನಕ್ಸ್, ಕೈಫೋನಿನ ಆಂಡ್ರಾಯ್ಡ್ ಎಲ್ಲವೂ ಈ ಬಗೆಯ ಮೇಲ್ವಿಚಾರಕರೇ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. 1990ರ ದಶಕದಲ್ಲಿ ಕನ್ನಡವು ಈ ಮೇಲ್ವಿಚಾರಕನಿಗೆ ತಿಳಿಯದ ಭಾಷೆಯಾಗಿತ್ತು. ಒಂದೊಂದು ತಂತ್ರಾಂಶವೂ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು ತನ್ನದೇ ರೀತಿಯಲ್ಲಿ ಕನ್ನಡವನ್ನು ಮೂಡಿಸುತ್ತಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯು ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ನೀಡಿತು. 'ಕ' ಅಕ್ಷರದ ಸಂಖ್ಯೆ 3221. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಫಾಂಟ್ ಅಡಕವಾಗಿಯೇ ಬಂದಿತು. ಒತ್ತಕ್ಷರಗಳನ್ನು ಕೂಡಿಸುವ ಹೊಣೆಯನ್ನು ಸಿಸ್ಟಂ ವಹಿಸಿಕೊಂಡ ಮೇಲೆ ಎಲ್ಲ ತಂತ್ರಾಂಶಗಳಿಗೂ ಕನ್ನಡ ಸುಲಭಸಾಧ್ಯವಾಯಿತು.

ಆದರೆ ಹಳೆಯ ಕಡತಗಳು ತಾವಾಗಿಯೇ ಬದಲಾಗುವುದಿಲ್ಲ. ನಮ್ಮ ಕೂಟಗಳ ಸ್ಮರಣ ಸಂಚಿಕೆಗಳು, ಹಿರಿಯರ ಬರಹಗಳು ಹಳೆಯ ಫ್ಲಾಪಿಗಳಲ್ಲಿ ಉಳಿದಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿಡಬೇಕು. ಅದಕ್ಕೆ ಬೇಕಾದ ಸಾಧನಗಳು ದೊರೆಯುತ್ತವೆ. ಫ್ಲಾಪಿ ಓದುವ ಯಂತ್ರಗಳು ಈಗಾಗಲೇ ವಿರಳವಾಗಿವೆ. ರೋಗಿ ಬದುಕಿರುವಾಗಲೇ ಚಿಕಿತ್ಸೆ ನಡೆಯಬೇಕಲ್ಲವೇ?