ಕೊಲಂಬೊ–ಮಾಲೆ: ಹೋಗಲು ಒಂದು ಗಂಟೆ, ಬರಲು ಎರಡು?

ಪ್ರಶ್ನೆ: ಕೊಲಂಬೊದಿಂದ ಮಾಲೆಗೆ ವಿಮಾನದಲ್ಲಿ ಎಷ್ಟು ದೂರ? ವೇಳಾಪಟ್ಟಿ ನೋಡಿದರೆ ಹೋಗಲು ಸುಮಾರು ಒಂದು ಗಂಟೆ, ಮರಳಲು ಎರಡು ಗಂಟೆ ಬೇಕಾದಂತೆ ಕಾಣುತ್ತದಲ್ಲ, ಏಕೆ?

ಉತ್ತರ: ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 775 ಕಿಲೋಮೀಟರ್, ಹಾರಾಟಕ್ಕೆ ಎರಡೂ ದಿಕ್ಕಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ ಸಾಕು. ನೀವು ಕಂಡ ವ್ಯತ್ಯಾಸ ಗಡಿಯಾರದ್ದು. ಶ್ರೀಲಂಕಾ ನಮ್ಮಂತೆಯೇ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ, ಮಾಲ್ದೀವ್ಸ್ ಐದು ಗಂಟೆ ಮಾತ್ರ. ಬೆಳಿಗ್ಗೆ 10ಕ್ಕೆ ಕೊಲಂಬೊ ಬಿಟ್ಟವರು ಮಾಲೆಯ 11 ಗಂಟೆಗೆ ಇಳಿಯುತ್ತಾರೆ; ಅಲ್ಲಿಂದ 12ಕ್ಕೆ ಹೊರಟವರು ಕೊಲಂಬೊದ 2 ಗಂಟೆಗೆ ತಲುಪುತ್ತಾರೆ. ಟಿಕೆಟ್ಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ಗಾಳಿಯ ಪಾತ್ರವಿಲ್ಲವೇ ಎಂದು ಕೇಳಬಹುದು. ಇದೆ. ಮುಂಗಾರಿನಲ್ಲಿ ನೆಲದ ಬಳಿ ಗಾಳಿ ಪಶ್ಚಿಮದಿಂದ ಬೀಸಿದರೂ ಬಹಳ ಎತ್ತರದಲ್ಲಿ ಅದು ಪೂರ್ವದಿಂದ ಬೀಸುತ್ತದೆ, ಮಾಲೆಯತ್ತ ಹೋಗುವ ವಿಮಾನವನ್ನು ತುಸು ಮುಂದಕ್ಕೆ ತಳ್ಳುತ್ತದೆ. ಆದರೆ ಇಷ್ಟು ಚಿಕ್ಕ ದಾರಿಯಲ್ಲಿ ಅದರಿಂದ ಆಗುವ ಲಾಭನಷ್ಟ ಕೆಲವೇ ನಿಮಿಷ. ಇಡೀ ಒಂದು ಗಂಟೆಯ ಅಂತರಕ್ಕೆ ಅದು ಕಾರಣವಾಗಲಾರದು.

ಗಂಟೆಗೆ 800 ಕಿಲೋಮೀಟರ್ ಹಾರುವ ಜೆಟ್‌ಗೆ ಒಂದು ಗಂಟೆಯೂ ಬೇಡವಲ್ಲ ಎಂಬ ಆಕ್ಷೇಪ ಸಹಜ. ಆ ವೇಗ ಎತ್ತರ ಮುಟ್ಟಿದ ಮೇಲಿನದು. ರನ್‌ವೇವರೆಗಿನ ಓಟ, ಏರುವುದು, ವೇಗ ತಗ್ಗಿಸಿ ಇಳಿಯುವುದು ಎಲ್ಲವೂ ಸಮಯ ತಿನ್ನುತ್ತವೆ. ದಾರಿ ಚಿಕ್ಕದಾದಷ್ಟೂ ಪ್ರಯಾಣದಲ್ಲಿ ಇವುಗಳ ಪಾಲು ದೊಡ್ಡದು. ಮಾಲೆಯಲ್ಲಿ ಇಳಿಯುವುದೂ ನಗರದಲ್ಲಲ್ಲ, ಪಕ್ಕದ ಹುಳುಲೆ ದ್ವೀಪದಲ್ಲಿ. 2018ರಿಂದ ಅಲ್ಲಿಂದ ನಗರಕ್ಕೆ ಸೇತುವೆಯಿದೆ. ಮುಂದಿನ ವಿಮಾನ ಹಿಡಿಯಬೇಕಾದವರು ಎರಡೂ ಸಮಯಗಳನ್ನು ಒಂದೇ ಗಡಿಯಾರಕ್ಕೆ ತಂದುಕೊಂಡು ಲೆಕ್ಕ ಹಾಕಿ.