ಚಳಿ ಮೇಲಿಂದ ಬೀಳುವುದಿಲ್ಲ

ಮಾಗಿಯ ಚಳಿ ಬಲಿತ ಮೇಲೆ ರಿಪ್ಪನ್‌ಪೇಟೆಯ ಸುತ್ತಿನ ಮನೆಗಳಲ್ಲಿ ಹಿರಿಯರ ಬಾಯಿಂದ ಒಂದು ಮಾತು ಕೇಳಿಬರುತ್ತದೆ: “ಇಬ್ಬನಿ ಬಿದ್ದು ಗಿಡ ಸುಟ್ಟುಹೋಯ್ತು.” ಕಾರ್ತಿಕದ ತುಳಸಿಪೂಜೆಯ ದಿನ ನೆಲ್ಲಿಯ ಟೊಂಗೆಯ ಪಕ್ಕದಲ್ಲಿ ನಳನಳಿಸುತ್ತಿದ್ದ ತುಳಸಿ ತಿಂಗಳೆರಡು ತಿಂಗಳಲ್ಲಿ ಎಲೆ ಉದುರಿಸಿ ಕಡ್ಡಿಯಾಗುತ್ತದೆ. ಜಗುಲಿಯ ಅಂಚಿನ ಆಂಥೂರಿಯಂ, ಕೆಸುವಿನ ಜಾತಿಯ ಬಣ್ಣದೆಲೆಯ ಗಿಡಗಳು, ಆಗಷ್ಟೇ ಬೇರು ಬಿಟ್ಟ ವೀಳ್ಯದ ಬಳ್ಳಿ ಇವುಗಳ ಎಲೆ ಬಾಡಿ, ಅಂಚು ಕಪ್ಪಾಗುತ್ತದೆ. ಮಾತಿನ ಹಿಂದಿನ ಅನುಭವ ಸರಿಯಾದುದೇ. ಆದರೆ ಗಿಡವನ್ನು ಸುಟ್ಟದ್ದು ಇಬ್ಬನಿಯಲ್ಲ, ಇಬ್ಬನಿ ಮೇಲಿಂದ ಬೀಳುವುದೂ ಇಲ್ಲ. ಈ ಎರಡು ಸಂಗತಿಗಳು ತಿಳಿದರೆ ಗಿಡ ಉಳಿಸುವ ದಾರಿ ತಾನಾಗಿ ಹೊಳೆಯುತ್ತದೆ.

ಸಂಜೆ ಕುಂಡಗಳನ್ನು ಒಳಗೆ ಎತ್ತಿಟ್ಟರಾಯಿತು ಎಂದು ನಗರದವರು ಸಲಹೆ ಕೊಡಬಹುದು. ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಯ ಮನೆಗಳನ್ನು ಈ ತಿಂಗಳುಗಳಲ್ಲಿ ನೋಡಿದವರು ಹಾಗೆ ಹೇಳಲಾರರು. ಅದು ಅಡಿಕೆ ಕೊಯ್ಲಿನ ಕಾಲ. ಜಗುಲಿಯ ತುಂಬ ಗೊನೆಗಳು, ಸುಲಿದ ಅಡಿಕೆಯ ಬುಟ್ಟಿಗಳು, ಮೂಲೆಯಲ್ಲಿ ಗೋಣಿಚೀಲದ ರಾಶಿ, ಹಿತ್ತಿಲಲ್ಲಿ ಅಡಿಕೆ ಬೇಯಿಸುವ ಹಂಡೆ, ಅಂಗಳದಲ್ಲಿ ಒಣಗಿಸುವ ಚಪ್ಪರ. ಇದು ಸಾಲದೆಂಬಂತೆ ಅಟ್ಟದ ಮೇಲೆ ‘ಎಂದಾದರೂ ಬೇಕಾಗುತ್ತದೆ’ ಎಂದು ಕೂಡಿಟ್ಟ ಹರಕು ಕಂಬಳಿ, ಹಳೆಯ ಸೀರೆ, ಕಡ್ಡಿ ಮುರಿದ ಕೊಡೆ, ತಳ ಹೋದ ಬುಟ್ಟಿ, ಎಣ್ಣೆಯ ಖಾಲಿ ಕ್ಯಾನು, ವರ್ಷಗಟ್ಟಲೆ ಹಳೆಯ ಪತ್ರಿಕೆಗಳು. ಇದರ ನಡುವೆ ಇಪ್ಪತ್ತು ಕುಂಡಗಳು ಒಳಗೆ ಬಂದರೆ, ರಾತ್ರಿ ನೀರು ಕುಡಿಯಲು ಎದ್ದ ಅಜ್ಜಿ ಎಡವಿ ಬೀಳುತ್ತಾರೆ. ಗಿಡ ಉಳಿಸಲು ಹೋಗಿ ಸೊಂಟದ ಮೂಳೆ ಮುರಿಸುವುದು ಜಾಣತನವಲ್ಲ.

ಮೊದಲು ಚಳಿ ಗಿಡಕ್ಕೆ ಏನು ಮಾಡುತ್ತದೆ ನೋಡೋಣ. ನಮ್ಮಲ್ಲಿ ಊಟಿಯಂತೆ ಇಬ್ಬನಿ ಹೆಪ್ಪುಗಟ್ಟುವುದಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯೇ ೭.೮ ಡಿಗ್ರಿ ಸೆಲ್ಸಿಯಸ್. ಅದೂ ೧೮೮೪ರ ಜನವರಿ ೧೩ರಂದು. ನೀರು ಹೆಪ್ಪುಗಟ್ಟುವಷ್ಟು ಚಳಿಯೇ ಇಲ್ಲದಿರುವಾಗ ಗಿಡ ಏಕೆ ನಲುಗಬೇಕು?

ಉತ್ತರ ನಿಮ್ಮ ಅಡಿಗೆಮನೆಯಲ್ಲಿದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಸೀಸೆ ನೋಡಿ, ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಪಕ್ಕದಲ್ಲಿರುವ ಕಡಲೆಕಾಯಿ ಎಣ್ಣೆ ಮಾತ್ರ ದ್ರವವಾಗಿಯೇ ಇರುತ್ತದೆ. ಎರಡೂ ಎಣ್ಣೆಗಳೇ, ಆದರೆ ಅವುಗಳ ಕೊಬ್ಬಿನಾಮ್ಲಗಳು ಬೇರೆ. ಗಿಡದ ಪ್ರತಿಯೊಂದು ಜೀವಕೋಶದ ಸುತ್ತಲೂ ಕೊಬ್ಬಿನ ಅಂಶವುಳ್ಳ ತೆಳುವಾದ ಪೊರೆ ಇರುತ್ತದೆ. ಶೀತ ದೇಶದ ಗಿಡಗಳ ಪೊರೆ ಚಳಿಯಲ್ಲೂ ಮೆದುವಾಗಿರುತ್ತದೆ. ಉಷ್ಣವಲಯದ ಅನೇಕ ಗಿಡಗಳ ಪೊರೆ ಉಷ್ಣತೆ ಸುಮಾರು ೧೦–೧೨ ಡಿಗ್ರಿಗೆ ಇಳಿಯುತ್ತಲೇ ಬಿರುಸಾಗತೊಡಗುತ್ತದೆ. ಆಗ ಕೋಶದೊಳಗಿನ ಲವಣಗಳು ಸೋರುತ್ತವೆ, ಬೇರು ನೀರು ಹೀರಲಾರದೆ ಹೋಗುತ್ತದೆ. ಮಣ್ಣು ಒದ್ದೆಯಾಗಿಯೇ ಇದ್ದರೂ ಗಿಡ ಬಾಯಾರಿ ಬಾಡುತ್ತದೆ. ಇದನ್ನು ಕಂಡು ಇನ್ನೊಂದು ಚೊಂಬು ನೀರು ಸುರಿದರೆ ಬೇರು ಕೊಳೆಯುತ್ತದೆ. ಚಳಿಗಾಲದಲ್ಲಿ ಕುಂಡದ ಗಿಡಗಳು ಹೀಗೆ ಸಾಯುವುದು ಬಹಳ.

ಮಲೆನಾಡಿನ ಗಾಳಿಯ ಉಷ್ಣತೆ ೧೨ ಡಿಗ್ರಿಗೆ ಇಳಿಯುವುದು ಅಪರೂಪವಲ್ಲವೇ ಎಂದು ನೀವು ಕೇಳಬಹುದು. ನಿಜ, ಆದರೆ ಗಾಳಿಯ ಉಷ್ಣತೆಯೇ ಎಲೆಯ ಉಷ್ಣತೆಯಲ್ಲ. ಎಲ್ಲ ವಸ್ತುಗಳೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಮೂಲಕ ತಮ್ಮ ಶಾಖವನ್ನು ಹೊರಸೂಸುತ್ತಿರುತ್ತವೆ. ಮೋಡವಿದ್ದರೆ ಅದು ಆ ಶಾಖದಲ್ಲಿ ಬಹುಪಾಲನ್ನು ನಮಗೇ ಮರಳಿಸುತ್ತದೆ. ನಕ್ಷತ್ರಗಳು ಹೊಳೆಯುವ ಶುಭ್ರ ಆಕಾಶವಾದರೆ ಮರಳಿ ಬರುವುದು ಕಡಿಮೆ. ಶಾಖವೆಲ್ಲ ಹೋದದ್ದು ಹೋದಂತೆಯೇ. ಗಾಳಿ ಬೀಸದ ಇಂಥ ರಾತ್ರಿ ಎಲೆಯು ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗುತ್ತದೆ. ತಣ್ಣಗಾದ ಎಲೆಯ ಮೇಲೆ ಗಾಳಿಯಲ್ಲಿದ್ದ ನೀರಿನ ಆವಿ ಹನಿಗಟ್ಟುತ್ತದೆ. ಅದೇ ಇಬ್ಬನಿ. ಆವಿ ನೀರಾಗುವಾಗ ಅಡಗಿದ್ದ ಶಾಖವನ್ನು ಬಿಟ್ಟುಕೊಡುವುದರಿಂದ ಇಬ್ಬನಿ ಎಲೆಯನ್ನು ತುಸು ಬೆಚ್ಚಗೇ ಮಾಡುತ್ತದೆ. ಕಳ್ಳ ಓಡಿಹೋದ ಮೇಲೆ ಸ್ಥಳಕ್ಕೆ ಬಂದವನನ್ನು ಹಿಡಿದು ಹೊಡೆದಂತಾಗಿದೆ ಅದರ ಪಾಡು.

ಇದನ್ನು ಮೊದಲು ಕ್ರಮವಾಗಿ ಶೋಧಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಇಬ್ಬನಿಯ ಕುರಿತ ಅವನ ಪ್ರಬಂಧ ಪ್ರಕಟವಾದದ್ದು ೧೮೧೪ರಲ್ಲಿ. ಹುಲ್ಲಿನ ಮೇಲೆ ನಾಲ್ಕು ಕಡ್ಡಿ ನೆಟ್ಟು, ಒಂದು ತೆಳುವಾದ ಕರವಸ್ತ್ರವನ್ನು ಚಪ್ಪರದಂತೆ ಬಿಗಿದು, ಕೆಳಗಿನ ಹುಲ್ಲಿನ ಉಷ್ಣತೆಯನ್ನು ಬಯಲಿನ ಹುಲ್ಲಿನ ಉಷ್ಣತೆಯೊಡನೆ ಹೋಲಿಸಿ ನೋಡಿದ. ನಾಲ್ಕು ಕಡೆಯೂ ತೆರೆದಿದ್ದರೂ ಬಟ್ಟೆಯ ಕೆಳಗಿನ ಹುಲ್ಲು ಬೆಚ್ಚಗಿತ್ತು. ತೋಟಗಾರರು ಎಳೆ ಗಿಡಗಳ ಮೇಲೆ ತೆಳು ಚಾಪೆ ಹೊದಿಸುವುದನ್ನು ಕಂಡು ಅದರಿಂದೇನು ಪ್ರಯೋಜನ ಎಂದು ತಾನು ನಗುತ್ತಿದ್ದುದಾಗಿ ಅವನೇ ಬರೆದಿದ್ದಾನೆ. ಓದದ ಮಾಲಿಗೆ ತಿಳಿದಿದ್ದುದು ಓದಿದ ವೈದ್ಯನಿಗೆ ತಡವಾಗಿ ತಿಳಿಯಿತು. ನಮ್ಮ ದೇಶದಲ್ಲಂತೂ ಅಲಹಾಬಾದಿನ ಕಡೆ ಇದೇ ತತ್ತ್ವದಿಂದ ಮಂಜುಗಡ್ಡೆಯನ್ನೇ ತಯಾರಿಸುತ್ತಿದ್ದರು. ಒಣಹುಲ್ಲಿನ ಮೇಲೆ ಅಗಲ ಬಾಯಿಯ ಮಣ್ಣಿನ ತಟ್ಟೆಗಳನ್ನಿಟ್ಟು ನೀರು ತುಂಬಿಸಿದರೆ, ಗಾಳಿ ಸೊನ್ನೆ ಡಿಗ್ರಿಗೆ ಇಳಿಯದಿದ್ದರೂ ಬೆಳಗಿನೊಳಗೆ ನೀರು ಗಡ್ಡೆಕಟ್ಟುತ್ತಿತ್ತು. ಈ ಕ್ರಮದ ವರ್ಣನೆ ೧೭೭೫ರಲ್ಲೇ ಇಂಗ್ಲೆಂಡಿನಲ್ಲಿ ಅಚ್ಚಾಗಿದೆ.

ನೀವೂ ಪರೀಕ್ಷಿಸಬಹುದು, ಖರ್ಚೇನೂ ಇಲ್ಲ. ಶುಭ್ರ ರಾತ್ರಿಯಲ್ಲಿ ಬಾಳೆಲೆಯ ಎರಡು ತುಂಡುಗಳನ್ನು ಒಣಹುಲ್ಲಿನ ಮೇಲಿಡಿ. ಒಂದು ಬಯಲಿನಲ್ಲಿರಲಿ, ಇನ್ನೊಂದು ಅದೇ ಅಂಗಳದಲ್ಲಿ ಒಂದು ಬೆಂಚಿನ ಕೆಳಗಿರಲಿ. ಬೆಳಿಗ್ಗೆ ಬಯಲಿನದು ತೊಯ್ದಿರುತ್ತದೆ, ಬೆಂಚಿನ ಕೆಳಗಿನದು ಹೆಚ್ಚು ಕಡಿಮೆ ಒಣಗಿರುತ್ತದೆ. ಬಯಲಿನ ಎಲೆಯ ಪಕ್ಕದಲ್ಲಿ ಹೊಳೆಯುವ ಸ್ಟೀಲ್ ತಟ್ಟೆಯನ್ನೂ ಇಟ್ಟು ನೋಡಿ. ಅದರ ಮೇಲೆ ಇಬ್ಬನಿ ಕಡಿಮೆ. ಏಕೆಂಬುದನ್ನು ನಿಮ್ಮ ಭೌತಶಾಸ್ತ್ರದ ಅಧ್ಯಾಪಕರೊಂದಿಗೆ ಚರ್ಚಿಸಿ. ಹೊಳಪು ಲೋಹ ಶಾಖ ಸೂಸುವುದರಲ್ಲಿ ಜಿಪುಣ ಎಂಬುದಷ್ಟನ್ನು ಇಲ್ಲಿ ಹೇಳಬಹುದು.

ನೆಲದ ಹತ್ತಿರದ ಈ ಚಳಿಯ ಅಧ್ಯಯನದಲ್ಲಿ ಭಾರತೀಯರದು ದೊಡ್ಡ ಹೆಸರು. ಶುಭ್ರ ರಾತ್ರಿ ಅತ್ಯಂತ ತಣ್ಣನೆಯ ಗಾಳಿ ನೆಲಕ್ಕೆ ತಾಗಿಕೊಂಡೇ ಇರುತ್ತದೆ ಎಂದು ಎಲ್ಲರೂ ನಂಬಿದ್ದರು. ೧೯೩೨ರಲ್ಲಿ ಎಲ್. ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಬೇರೆಯದನ್ನೇ ವರದಿ ಮಾಡಿದರು: ಬರಿನೆಲದ ಮೇಲೆ ಅತಿ ತಂಪಿನ ಗಾಳಿಯ ಪದರ ನೆಲದಿಂದ ಸುಮಾರು ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ ಎತ್ತರದಲ್ಲಿದೆ. ಅಳತೆಯಲ್ಲೇ ದೋಷವಿರಬೇಕೆಂದು ಪರದೇಶದ ಹಲವರು ನಂಬಲಿಲ್ಲ. ೧೯೫೦ರ ದಶಕದಲ್ಲಿ ಬೇರೆಯವರ ಅಳತೆಗಳೂ ಅದನ್ನೇ ತೋರಿಸಿದ ಮೇಲೆ ಒಪ್ಪಿದರು. ಇದಕ್ಕೆ ೧೯೯೩ರಲ್ಲಿ ಗಣಿತದ ವಿವರಣೆ ಕೊಟ್ಟವರು ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಸಂಗಡಿಗರು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಧೂಳಿನ ಪಾತ್ರವನ್ನು ಆಮೇಲೆ ಬೆಂಗಳೂರಿನದೇ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಶೋಧಿಸಿದರು. ಗಿಡ ಬೆಳೆಸುವವರಿಗೆ ಇದರಲ್ಲಿ ನೇರವಾದ ಅರ್ಥವಿದೆ. ಒಂದು ಗೇಣಿನ ಮೆಣಸಿನ ಸಸಿ, ಮೊಳದುದ್ದದ ಅಡಿಕೆ ಸಸಿ ಇವುಗಳ ಸುಳಿ ನಿಲ್ಲುವುದು ಸರಿಯಾಗಿ ಆ ತಂಪಿನ ಪದರದಲ್ಲೇ. ಅದೇ ಅಂಗಳದ ಆಳೆತ್ತರದ ದಾಸವಾಳ ಏನೂ ಆಗದಂತೆ ಹೂಬಿಡುತ್ತಿರುತ್ತದೆ.

ಹಾಗಾದರೆ ಗಿಡಕ್ಕೆ ಬೇಕಾದುದು ಮುಖ್ಯವಾಗಿ ಒಂದು ಮಾಡು. ಅದಂತೂ ಮಲೆನಾಡಿನ ಅಂಗಳದಲ್ಲಿ ಆಗಲೇ ನಿಂತಿದೆ. ಅಡಿಕೆ ಒಣಗಿಸುವ ಚಪ್ಪರದ ಕೆಳಗೆ ಸಂಜೆ ಕುಂಡಗಳನ್ನು ಸಾಲಾಗಿ ಸರಿಸಿದರೆ, ಅವು ಆಕಾಶಕ್ಕೆ ಮರೆಯಾಗುತ್ತವೆ. ಮನೆಯೊಳಗೆ ಒಂದು ಅಡಿ ಜಾಗವೂ ಬೇಕಿಲ್ಲ. ಆಂಥೂರಿಯಂ, ಜರಿಗಿಡಗಳು ನೆರಳನ್ನು ಬಯಸುವಂಥವು, ಹಗಲೂ ಅಲ್ಲೇ ಇರಬಹುದು. ತುಳಸಿ, ಕ್ರೋಟನ್ ಕುಂಡಗಳನ್ನು ಬೆಳಿಗ್ಗೆ ಬಿಸಿಲಿಗೆ ತರಬೇಕು. ಎಳೆ ಅಡಿಕೆ ಸಸಿಗೆ ತೋಟದಲ್ಲಿ ಸೋಗೆ ಕಟ್ಟುವುದು ಬಿಸಿಲಿನ ಭಯದಿಂದ. ಆದರೆ ಅದೇ ಸೋಗೆ ರಾತ್ರಿಯ ಮಾಡೂ ಆಗುತ್ತದೆ. ಊಟಿಯ ಸಸ್ಯೋದ್ಯಾನದಲ್ಲಿಯೂ ಚಳಿಗಾಲ ಬಂದಾಗ ಎಳೆ ಗಿಡಗಳಿಗೆ ಸೊಪ್ಪಿನ ಟೊಂಗೆಗಳ ಮರೆ ಮಾಡುವ ರೂಢಿ ಇದೆ.

ಕಟ್ಟೆಯ ತುಳಸಿಯನ್ನು ಎತ್ತಿಡುವಂತಿಲ್ಲ. ಅದಕ್ಕೆ ಅಟ್ಟದ ಸಾಮಾನು ಬರಲಿ. ಹಳೆಯ ಹತ್ತಿ ಸೀರೆ, ಗೋಣಿಚೀಲ, ಪತ್ರಿಕೆಯ ಹಾಳೆ, ತಳ ಗಟ್ಟಿಯಿರುವ ಬುಟ್ಟಿ ಎಲ್ಲವೂ ಒಳ್ಳೆಯ ಹೊದಿಕೆಗಳೇ. ತೆಳು ಪಾಲಿಥೀನ್ ಹಾಳೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಗಾಳಿಗೆ, ನೀರಿಗೆ ಅದು ಅಡ್ಡ ಬರುತ್ತದೆ. ಆದರೆ ಅವಗೆಂಪು ಕಿರಣಗಳಿಗೆ ಬಹುಮಟ್ಟಿಗೆ ತೆರೆದ ಬಾಗಿಲು. ಜೊತೆಗೆ ಅದಕ್ಕೆ ಅಂಟಿಕೊಂಡ ಎಲೆಗಳು ಮೊದಲು ಹಾಳಾಗುತ್ತವೆ. ಕಡ್ಡಿ ಮುರಿದ ಕೊಡೆಯನ್ನು ಎಸೆಯುವ ಮುನ್ನ ಕುಂಡದಲ್ಲಿ ನೆಟ್ಟು ನೋಡಿ, ಅದರ ಮೇಲೆ ಸೀರೆ ಹೊದಿಸಿದರೆ ಎಲೆಗೆ ತಾಗದ ಗುಡಾರವಾಗುತ್ತದೆ. ಒಂದು ಎಚ್ಚರಿಕೆ: ಬಟ್ಟೆಯನ್ನು ಗಿಡದ ಕಾಂಡಕ್ಕೆ ಬಿಗಿಯಬಾರದು. ಹಗಲು ಕಾದ ಮಣ್ಣೇ ಗಿಡಕ್ಕೆ ರಾತ್ರಿಯ ಒಲೆ. ಹೊದಿಕೆ ನೆಲದವರೆಗೆ ಇಳಿದಿದ್ದರೆ ಮಾತ್ರ ಆ ಶಾಖ ಒಳಗೆ ನಿಲ್ಲುತ್ತದೆ.

ತರಗೆಲೆ ಹೊದಿಸುವುದರ ಬಗ್ಗೆಯೂ ಒಂದು ಮಾತು. ಬುಡಕ್ಕೆ ದಪ್ಪನಾಗಿ ತರಗೆಲೆ, ಅಡಿಕೆ ಸಿಪ್ಪೆ ಹಾಕಿದರೆ ಬೇರು ಬೆಚ್ಚಗಿರುತ್ತದೆ. ಆದರೆ ಮಣ್ಣಿನ ಶಾಖ ಮೇಲೆ ಬರಲಾರದೆ ಎಲೆಯ ಸುತ್ತಲಿನ ಗಾಳಿ ಇನ್ನಷ್ಟು ತಣ್ಣಗಾಗುತ್ತದೆ. ಗೆಡ್ಡೆಯ ಗಿಡಗಳಿಗೆ ಇದು ಒಳ್ಳೆಯದು, ಮೇಲೆ ಮಾಡಿಲ್ಲದ ಎಳೆ ಸಸಿಗೆ ಅಷ್ಟು ಒಳ್ಳೆಯದಲ್ಲ.

ಖಾಲಿ ಕ್ಯಾನಿಗೂ ಕೆಲಸವಿದೆ. ೨೦ ಲೀಟರ್ ನೀರು ತುಂಬಿ ಹಗಲು ಬಿಸಿಲಿಗಿಟ್ಟು, ಸಂಜೆ ಹೊದಿಕೆಯೊಳಗೆ ಗಿಡಗಳ ನಡುವೆ ಸರಿಸಿ. ಆ ನೀರು ೨೮ ಡಿಗ್ರಿಯಿಂದ ೧೬ ಡಿಗ್ರಿಗೆ ತಣಿಯುವಾಗ ಸುಮಾರು ೧,೦೦೦ ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ೪೦ ವ್ಯಾಟಿನ ಬಲ್ಬು ಏಳು ಗಂಟೆ ಉರಿದಷ್ಟು. ವಿದ್ಯುತ್ ಬಿಲ್ ಇಲ್ಲ. ಕ್ಯಾನಿನ ಮುಚ್ಚಳ ಮಾತ್ರ ಭದ್ರವಾಗಿರಲಿ. ತೆರೆದ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ, ಡೆಂಗ್ಯೂ ಹರಡುವುದೂ ಮನೆಯಂಗಳದ ಇಂಥ ನೀರಿನಿಂದಲೇ.

ದಿನವೂ ಇಷ್ಟೆಲ್ಲ ಮಾಡಬೇಕಿಲ್ಲ. ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿ. ಮೋಡ ಕವಿದಿದ್ದರೆ ಅಥವಾ ಗಾಳಿ ಬೀಸುತ್ತಿದ್ದರೆ ಮಲಗಬಹುದು. ಗಾಳಿಯಿಲ್ಲದೆ ನಕ್ಷತ್ರಗಳು ಒತ್ತಾಗಿ ಕಂಡರೆ ಸೀರೆ ಹೊದಿಸಿ. ತಣ್ಣನೆಯ ಗಾಳಿ ಭಾರವಾದುದರಿಂದ ನೀರಿನಂತೆ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ತೋಟದ ಮಗ್ಗುಲಿನ ತಗ್ಗು ಅಂಗಳದವರು ದಿಬ್ಬದ ಮೇಲಿನ ಮನೆಯವರಿಗಿಂತ ಹೆಚ್ಚು ರಾತ್ರಿ ಈ ಕೆಲಸ ಮಾಡಬೇಕಾದೀತು. ನೀರು ಹಾಕುವುದು ಬೆಳಿಗ್ಗೆ ಬಿಸಿಲೇರಿದ ಮೇಲೆ, ಅದೂ ಬೆರಳಿಟ್ಟು ನೋಡಿ ಮೇಲ್ಮಣ್ಣು ಒಣಗಿದ್ದರೆ. ಹೊದಿಕೆಯನ್ನು ಬೆಳಿಗ್ಗೆ ತೆಗೆದು ಒಣಹಾಕಬೇಕು; ತೇವದಲ್ಲೇ ಬಿಟ್ಟರೆ ಎಲೆಗೆ ಬೂಷ್ಟು ಹಿಡಿಯುತ್ತದೆ.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡುತ್ತದಂತೆ. ಅಷ್ಟರಲ್ಲಿ ಚಪ್ಪರವೂ ಖಾಲಿಯಾಗಿರುತ್ತದೆ. ಆಗ ಸೀರೆಗಳನ್ನು ಒಗೆದು ಒಣಗಿಸಿ, ಗೋಣಿಚೀಲಗಳನ್ನು ಕೋಲಿನಿಂದ ಬಡಿದು ಕೊಡವಿ ಮಡಿಸಿ. ಮಡಿಕೆಯಲ್ಲಿ ಚೇಳು ಇರಬಹುದು, ಬರಿಗೈ ಹಾಕಬೇಡಿ. ಈ ಚಳಿಗಾಲದಲ್ಲಿ ಒಮ್ಮೆಯೂ ಅಟ್ಟದಿಂದ ಕೆಳಗಿಳಿಯದ ಸಾಮಾನನ್ನು ಅದೇ ದಿನ ಗುಜರಿಯವರಿಗೆ ಕೊಟ್ಟುಬಿಡಿ.